ಒಂದು ಸೀರೆಗೆ ಎಷ್ಟು ಕೈ?

ಮಕ್ಕಳೇ, ಉಡುಪಿ ಸೀರೆ ನೋಡಿದ್ದೀರಾ? ಅಪ್ಪಟ ಹತ್ತಿಯದು, ಕೈಮಗ್ಗದ್ದು, ಉಟ್ಟರೆ ಹಗುರ. 2016ರಲ್ಲಿ ಅದಕ್ಕೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿತು. ಆದರೆ ಕರಾವಳಿಯಲ್ಲಿ ಹತ್ತಿ ಬೆಳೆಯುವುದಿಲ್ಲ! ನಮ್ಮ ಜಡಿಮಳೆಯಲ್ಲಿ ಹತ್ತಿಕಾಯಿ ಒಡೆದು ಒಣಗುವುದೆಲ್ಲಿ? ಅದಕ್ಕೆ ಹಾವೇರಿ, ರಾಯಚೂರಿನಂಥ ಕಪ್ಪು ಮಣ್ಣಿನ ಸೀಮೆ ಬೇಕು. ಹಾಗಾಗಿ ಈ ಸೀರೆಗೆ ಮೊದಲು ಕೈ ಹಚ್ಚುವವರು ಘಟ್ಟದಾಚೆಯ ರೈತರು.

ಹತ್ತಿಯಿಂದ ಬೀಜ ಬಿಡಿಸುವುದು ಒಂದು ಗಿರಣಿ, ನೂಲು ತೆಗೆಯುವುದು ಇನ್ನೊಂದು. ನೂಲು ಎಷ್ಟು ಸಣ್ಣ ಎಂಬುದಕ್ಕೆ ನಂಬರ್ ಇದೆ. ಉಡುಪಿ ಸೀರೆಗೆ ಬಳಸುವ 80ನೇ ನಂಬರಿನ ನೂಲನ್ನೇ ನೋಡಿ. ಅರ್ಧ ಕಿಲೋಗಿಂತ ಕಡಿಮೆ, ಅಂದರೆ 454 ಗ್ರಾಂ ನೂಲನ್ನು ಬಿಚ್ಚಿ ಎಳೆದರೆ ಸುಮಾರು 61 ಕಿಲೋಮೀಟರ್ ಉದ್ದ! ಉಡುಪಿಯಿಂದ ಮಂಗಳೂರಿಗೆ ಹೆಚ್ಚುಕಡಿಮೆ ಅಷ್ಟೇ ದೂರ.

ಇಷ್ಟು ಸಣ್ಣ ನೂಲು ಮಗ್ಗದ ಪೆಟ್ಟು ತಾಳಬೇಕಲ್ಲ? ಅದಕ್ಕೇ ಗಂಜಿ. ಅಕ್ಕಿಯಲ್ಲಿರುವ ಪಿಷ್ಟದ ಕಣಗಳು ಬಿಸಿನೀರಲ್ಲಿ ಉಬ್ಬಿ ಅಂಟಾಗುತ್ತವೆ. ನೂಲಿನ ಮೇಲೆ ಎದ್ದು ನಿಂತ ನವಿರಾದ ಎಳೆಗಳನ್ನು ಆ ಅಂಟು ಮಲಗಿಸಿ, ಮೇಲೊಂದು ತೆಳುಪದರ ಕಟ್ಟುತ್ತದೆ. ಮಗ್ಗದಲ್ಲಿರುವ ಬಾಚಣಿಗೆಯಂಥ ಹಣಿಗೆ ಪ್ರತಿ ಸಲ ಹಿಂದೆ ಮುಂದೆ ಹೋಗುವಾಗಲೂ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ನೂಲನ್ನು ಉಜ್ಜುತ್ತದೆ. ಗಂಜಿ ಕಾಣದ ನೂಲು ಜುಂಗೆದ್ದು ಕಡಿದುಹೋಗುತ್ತದೆ. ಗಂಜಿ ಹದಮಾಡಿ, ಒಂದೊಂದೆಳೆಯೂ ಅಂಟಿಕೊಳ್ಳದಂತೆ ಒಣಗಿಸುವುದೇ ದೊಡ್ಡ ವಿದ್ಯೆ. ಒಬ್ಬರಿಂದ ಆಗುವ ಕೆಲಸವಲ್ಲ ಅದು.

ಹೊಕ್ಕಿನ, ಅಂದರೆ ಅಡ್ಡಕ್ಕೆ ನೇಯುವ ನೂಲಿಗೆ ಬೇರೆ ಕೈ. ರಾಟೆ ತಿರುಗಿಸಿ ಕಂಡಿಕೆ ಎಂಬ ಪುಟ್ಟ ಕೊಳವೆಗೆ ಸುತ್ತುವ ಈ ಕೆಲಸ ಹೆಚ್ಚಾಗಿ ಮನೆಯ ಹೆಂಗಸರದು. ಕಂಡಿಕೆ ತುಂಬದಿದ್ದರೆ ಅದನ್ನು ಹೊತ್ತು ಅತ್ತಿತ್ತ ಸಾಗುವ ಲಾಳಿ ಓಡದು. ಮಗ್ಗ ರಿಪೇರಿಯ ಆಚಾರಿ, ಬಣ್ಣ ಹಾಕುವವರು ಎಲ್ಲರೂ ಬೇಕು. ಅಡಿಕೆ ಬೇಯಿಸಿದಾಗ ಸಿಗುವ ಚೊಗರಿನಿಂದಲೂ ನೂಲಿಗೆ ಬಣ್ಣ ಕಟ್ಟಬಹುದು. ಅದರ ಟ್ಯಾನಿನ್ ಹತ್ತಿಯನ್ನು ಬಿಡದೆ ಹಿಡಿಯುತ್ತದೆ. ಹೀಗೆ ಅಡಿಕೆ ತೋಟದವರೂ ಸೀರೆಯೊಳಗೆ ಬಂದರು!

ಇವರಲ್ಲಿ ಹೆಚ್ಚಿನವರು ಒಬ್ಬರನ್ನೊಬ್ಬರು ನೋಡಿಯೇ ಇಲ್ಲ. ಆದರೂ ಕೆಲಸ ಕೂಡಿಬರುತ್ತದೆ, ಏಕೆಂದರೆ ಪ್ರತಿ ಕೈಗೂ ಕೂಲಿ ತಲುಪುತ್ತದೆ. ನೇಕಾರರ ಸಹಕಾರಿ ಸಂಘ ನೂಲು ತರಿಸಿ ಕೊಡುತ್ತದೆ, ನೇಯ್ದ ಸೀರೆ ಪಡೆದು ಕೂಲಿ ಕೊಡುತ್ತದೆ, ಮಾರುವುದೂ ಅದೇ. ಒಬ್ಬ ನೇಕಾರನಿಗೆ ಇದೆಲ್ಲ ಕಷ್ಟ.

ಕೂಲಿ ಸಾಲದೆ ಹೋದಾಗ ಏನಾಯಿತು? ಹೊಸಬರು ಮಗ್ಗಕ್ಕೆ ಬರಲಿಲ್ಲ, ಒಂದೊಂದೇ ಮಗ್ಗ ನಿಂತಿತು. ಕಾರ್ಕಳದ ಕದಿಕೆ ಟ್ರಸ್ಟ್ ಈಗ ನೇಕಾರರ ಜೊತೆ ನಿಂತು ಈ ನೇಯ್ಗೆಗೆ ಮತ್ತೆ ಜೀವ ಕೊಡುತ್ತಿದೆ. ಇದು ತುಂಬ ಒಳ್ಳೆಯ ಕೆಲಸ.

ಅಮ್ಮನ ಜೊತೆ ಸೀರೆ ಕೊಳ್ಳಲು ಹೋದರೆ ಬೆಲೆ ಮಾತ್ರ ಕೇಳಬೇಡಿ. ನೂಲು ಎಷ್ಟನೇ ನಂಬರಿನದು, ನೇಯ್ದವರು ಯಾರು, ಕಂಡಿಕೆ ಸುತ್ತಿದವರು ಯಾರು ಎಂದೂ ಕೇಳಿ.