ದ್ವೀಪದ ವಿಹಾರ, ಮನೆಯ ಲೆಕ್ಕ

(ಶಾಮನೂರಿನ ಶಿವಾನುಭವ ಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಈ ಹೊತ್ತಿನ ಗೋಷ್ಠಿಯಲ್ಲಿ ವಿಶ್ರಾಂತಿಯನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಊರಿನ ಹಿರಿಯರು ಕೇಳಿದ್ದಾರೆ. ಆದರೆ ಈಚೆಗೆ ಮಠಕ್ಕೆ ಬರುವ ತರುಣ ದಂಪತಿಗಳ ಬಿನ್ನಹ ಬೇರೆ. "ಬುದ್ಧಿ, ಮಾಲ್ಡೀವ್ಸ್ ದ್ವೀಪಕ್ಕೆ ಹೋಗಿಬರ್ತೀವಿ, ಆಶೀರ್ವಾದ ಮಾಡಿ" ಎನ್ನುತ್ತಾರೆ. ಹಿರಿಯರು ಕೇಳಿದ ವಿಷಯವೂ ಕಿರಿಯರು ಕೇಳಿದ ಆಶೀರ್ವಾದವೂ ಬೇರೆ ಬೇರೆಯಲ್ಲ ಎಂದು ನಮಗೆ ತೋರುತ್ತದೆ. ಆದ್ದರಿಂದ ಇಂದು ದ್ವೀಪದ ವಿಹಾರವನ್ನು ಕುರಿತೇ ಮಾತನಾಡುತ್ತೇವೆ.

ಹಿಂದೆ ನಮ್ಮ ಸೀಮೆಯ ಒಕ್ಕಲಿಗೆ ಸುಗ್ಗಿ ಮುಗಿದ ಮೇಲೆ ಗಾಡಿ ಕಟ್ಟಿಕೊಂಡು ಜಾತ್ರೆಗೆ ಹೋಗುವುದೇ ವಿಹಾರವಾಗಿತ್ತು. ಹರಿಹರದ ಹೊಳೆಯಲ್ಲಿ ಮಿಂದು ಬರುವುದು, ಉಕ್ಕಡಗಾತ್ರಿಗೆ ಹೋಗುವುದು, ಕೊಟ್ಟೂರಿಗೆ ಪಾದಯಾತ್ರೆ ಹೊರಡುವುದು, ಇಷ್ಟು. ಈಗ ಕಾಲ ಬದಲಾಗಿದೆ. ಬೆಳಿಗ್ಗೆ ಬೆಂಗಳೂರಿನಲ್ಲಿ ವಿಮಾನ ಹತ್ತಿದವರು ಎರಡು ಗಂಟೆಯ ಸುಮಾರಿಗೆ ಹಿಂದೂ ಮಹಾಸಾಗರದ ನಡುವೆ ಇಳಿಯುತ್ತಾರೆ. ಇದು ತಪ್ಪೇ? ತಪ್ಪೆಂದು ನಾವು ಹೇಳುವುದಿಲ್ಲ. ದುಡಿದ ದೇಹಕ್ಕೆ ವಿಶ್ರಾಂತಿ ಬೇಕು. ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡಬಾರದೆಂದು ಕಟ್ಟಳೆ ಮಾಡಿದ ಒಕ್ಕಲುಮಕ್ಕಳು ನಾವು. ಎತ್ತಿಗೆ ಒಪ್ಪುವ ಬಿಡುವು ಮನುಷ್ಯನಿಗೆ ಒಪ್ಪದೆ ಹೋದೀತೇ? ಕಾಯಕ ಮಾಡಿದವನಿಗೆ ಬಿಡುವಿನ ಹಕ್ಕೂ ಇದೆ. ಆದರೆ ಆ ಬಿಡುವಿನ ಲೆಕ್ಕ ಸರಿಯಾಗಿರಬೇಕು. ಹೋಗಿ ಬಂದ ಮೇಲೆ ಮೈ ಹಗುರಾಗಿ ಮನೆ ಭಾರವಾದರೆ ಅದನ್ನು ವಿಶ್ರಾಂತಿ ಎನ್ನಲಾದೀತೇ? ನಮ್ಮ ಇಂದಿನ ಮಾತಿನ ತಿರುಳು ಇಷ್ಟೇ.

ಮೊದಲು ಆ ನೆಲವನ್ನು ಕುರಿತು ಸ್ವಲ್ಪ ತಿಳಿಯೋಣ. ನಿಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಕವಡೆ ಹಿಡಿದು ಚೌಕಾಬಾರ ಆಡಿದ್ದೀರಿ. ಗೊರವಯ್ಯನ ಮೈಮೇಲಿನ ಕವಡೆ ಸರವನ್ನು ನೋಡಿದ್ದೀರಿ. "ಕೈಯಲ್ಲಿ ಕವಡೆ ಕಾಸೂ ಇಲ್ಲ" ಎಂಬ ಮಾತು ದಿನವೂ ನಮ್ಮ ಬಾಯಲ್ಲಿ ಬರುತ್ತದೆ. ಹಿಂದಿನ ಕಾಲದಲ್ಲಿ ಕವಡೆ ಹೇರಳವಾಗಿ ಹಡಗಿನಲ್ಲಿ ಬರುತ್ತಿದ್ದುದು ಈ ಮಾಲ್ಡೀವ್ಸಿನಿಂದಲೇ. ಬಂಗಾಳ ಮೊದಲಾದ ಕಡೆಗಳಲ್ಲಿ ಅದು ನಾಣ್ಯವಾಗಿಯೇ ನಡೆಯುತ್ತಿತ್ತು. ಒಂದು ಕಾಲಕ್ಕೆ ಅಲ್ಲಿಂದ ಇಲ್ಲಿಗೆ ಹಣವೇ ಬರುತ್ತಿತ್ತು. ಈಗ ಇಲ್ಲಿಂದ ಅಲ್ಲಿಗೆ ಹಣ ಹೋಗುತ್ತಿದೆ.

ಆ ದೇಶದಲ್ಲಿ ಸುಮಾರು 1,200 ದ್ವೀಪಗಳಿವೆ. ಊರು ಕಟ್ಟಿಕೊಂಡು ಜನ ವಾಸಿಸುವ ದ್ವೀಪಗಳು 200ಕ್ಕಿಂತ ಕಡಿಮೆ. ಪ್ರವಾಸಿಗರ ಮೊದಲ ವಿಹಾರಧಾಮ ಕುರುಂಬಾ ಎಂಬುದು 1972ರಲ್ಲಿ ತೆರೆಯಿತು. ಇಂದು ಅಂಥವು 150ಕ್ಕೂ ಹೆಚ್ಚು ಇವೆ. ಒಂದು ದ್ವೀಪಕ್ಕೆ ಒಂದೇ ಹೋಟೆಲು ಎಂಬುದು ಅಲ್ಲಿಯ ಪದ್ಧತಿ. ಇಡೀ ದೇಶದಲ್ಲಿ ಅತಿ ಎತ್ತರದ ಸಹಜ ನೆಲವೂ ಸಮುದ್ರಮಟ್ಟದಿಂದ ಎರಡೂವರೆ ಮೀಟರಿನೊಳಗೇ ಇದೆ. ನಮ್ಮ ಮನೆಯ ತಲೆಬಾಗಿಲಿಗಿಂತ ತುಸು ಹೆಚ್ಚು ಎನ್ನಿ. ಭೂಮಿಯ ಕಾವು ಏರಿ ಕಡಲು ಉಕ್ಕಿದರೆ ತಮ್ಮ ಗತಿಯೇನೆಂದು ಲೋಕಕ್ಕೆ ತಿಳಿಸಲು 2009ರ ಅಕ್ಟೋಬರಿನಲ್ಲಿ ಆ ದೇಶದ ಅಧ್ಯಕ್ಷರೂ ಮಂತ್ರಿಗಳೂ ಉಸಿರಾಟದ ಕೊಳವೆ ಕಟ್ಟಿಕೊಂಡು ನೀರಿನೊಳಗೆ ಮಂತ್ರಿಸಭೆ ನಡೆಸಿದರು.

ಸುತ್ತಲೂ ನೀರು, ಕುಡಿಯಲು ಮಾತ್ರ ನೀರಿಲ್ಲ. ಕಡಲ ನೀರಿನ ಉಪ್ಪು ತೆಗೆದು ಕುಡಿಯಬೇಕು. 2014ರ ಡಿಸೆಂಬರಿನಲ್ಲಿ ರಾಜಧಾನಿ ಮಾಲೆಯ ನೀರಿನ ಘಟಕಕ್ಕೆ ಬೆಂಕಿ ಬಿದ್ದು ಲಕ್ಷಕ್ಕೂ ಹೆಚ್ಚು ಜನ ನಲ್ಲಿಯ ನೀರಿಲ್ಲದೆ ಕಂಗೆಟ್ಟರು. ಆಗ ಭಾರತದ ವಾಯುಪಡೆಯ ವಿಮಾನಗಳೂ ನೌಕಾಪಡೆಯ ಹಡಗುಗಳೂ ಕುಡಿಯುವ ನೀರನ್ನು ಹೊತ್ತೊಯ್ದವು. ಭದ್ರಾ ನಾಲೆಯ ನೀರಿಗಾಗಿ ಕಾದು ಕುಳಿತು ಬಲ್ಲವರು ನೀವು. ಕುಂದವಾಡ ಕೆರೆ ತುಂಬಿತೇ ಇಲ್ಲವೇ ಎಂದು ಬೇಸಗೆಯಲ್ಲಿ ವಿಚಾರಿಸುವವರು ನೀವು. ಅಲ್ಲಿಯ ಸ್ನಾನದ ಮನೆಯಲ್ಲಿ ನಲ್ಲಿ ತಿರುಗಿಸುವಾಗ ಈ ಮಾತು ನೆನಪಿರಲಿ.

ಇನ್ನು ಯೋಜನೆ ಹಾಕುವವರಿಗೆ ಕೆಲವು ವಿವೇಕದ ಮಾತು. ಸನ್ಯಾಸಿಗೆ ಇದೆಲ್ಲ ಏಕೆಂದು ನೀವು ನಗಬಹುದು. ಹೋಗಿಬಂದ ಭಕ್ತರು ಮಠಕ್ಕೆ ಬಂದು ಹೇಳುತ್ತಾರೆ, ನಾವು ಕೇಳಿಸಿಕೊಳ್ಳುತ್ತೇವೆ.

ಮೊದಲನೆಯದು ಕಾಲ. ಮಾಲ್ಡೀವ್ಸಿನಲ್ಲಿ ಕಡಲು ಶಾಂತವಾಗಿದ್ದು ಬಿಸಿಲು ಚೆನ್ನಾಗಿರುವುದು ಜನವರಿಯಿಂದ ಏಪ್ರಿಲ್‌ವರೆಗೆ. ಮೇ ತಿಂಗಳಿಂದ ಮಳೆಗಾಳಿ ಹಿಡಿಯುತ್ತದೆ. ನಮ್ಮ ಸೀಮೆಯಲ್ಲಿ ಆ ತಿಂಗಳುಗಳು ಎಂಥವು? ಭದ್ರೆಯ ನೀರು ಬಿಟ್ಟು ಬೇಸಗೆ ಭತ್ತದ ನಾಟಿ ಹಚ್ಚುವ, ಕಳೆ ಕೀಳಿಸುವ ಕಾಲ. ಮಕ್ಕಳ ಪರೀಕ್ಷೆಯ ಕಾಲ. ಕಡಲಿನ ಪಂಚಾಂಗ ಒಂದು, ಹೊಲದ ಪಂಚಾಂಗ ಇನ್ನೊಂದು. ಎರಡನ್ನೂ ಎದುರಿಗಿಟ್ಟುಕೊಂಡು ದಿನ ಗೊತ್ತುಮಾಡಬೇಕು.

ಎರಡನೆಯದು ದಾರಿ. ದಾವಣಗೆರೆಯಲ್ಲಿ ವಿಮಾನ ನಿಲ್ದಾಣವಿಲ್ಲ. ಬೆಂಗಳೂರಿಗೆ 260 ಕಿಲೋಮೀಟರಿನಷ್ಟು ಹಾದಿ ರಾತ್ರಿಯೇ ಹೊರಡಬೇಕು. ಮಾಲೆಯಲ್ಲಿ ಇಳಿದ ಮೇಲೆ ಗೊತ್ತುಮಾಡಿದ ದ್ವೀಪಕ್ಕೆ ದೋಣಿಯಲ್ಲೋ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನದಲ್ಲೋ ಹೋಗಬೇಕು. ಆ ಪುಟ್ಟ ವಿಮಾನ ಹಗಲಿನಲ್ಲಿ ಮಾತ್ರ ಹಾರುತ್ತದೆ. ಸಂಜೆ ಇಳಿದವರು ರಾತ್ರಿಯನ್ನು ಮಾಲೆಯಲ್ಲೇ ಕಳೆಯಬೇಕು, ಅದಕ್ಕೆ ಬೇರೆ ಬಾಡಿಗೆ. ಮೂರು ರಾತ್ರಿಯ ವಿಹಾರ ಮನೆಯ ಲೆಕ್ಕದಲ್ಲಿ ಐದು ದಿನವಾಗುತ್ತದೆ.

ಮೂರನೆಯದು ಹಣ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವುದು ಎಷ್ಟೋ ಸಲ ಕೋಣೆಯ ಬಾಡಿಗೆ ಮಾತ್ರ. ಸೇವಾಶುಲ್ಕ, ಸರಕಾರದ ತೆರಿಗೆ, ತಲೆಗಿಷ್ಟು ದಿನಕ್ಕಿಷ್ಟು ಎಂಬ ಹಸಿರು ತೆರಿಗೆ, ಪುಟ್ಟ ವಿಮಾನದ ದರ, ಇವುಗಳನ್ನೆಲ್ಲ ಕೂಡಿಸಿದಾಗ ಮೊದಲಿನ ಅಂಕಿ ಗುರುತು ಸಿಗದಂತೆ ಬೆಳೆಯುತ್ತದೆ. ಅದೂ ಡಾಲರಿನಲ್ಲಿ. ಇಲ್ಲಿ ಪ್ಯಾಕೇಜಿಗೆ ಹಣ ಕಟ್ಟುವಾಗಲೂ ಆದಾಯ ತೆರಿಗೆಯ ಲೆಕ್ಕಕ್ಕೆ ಒಂದು ಭಾಗವನ್ನು ಹಿಡಿಯುತ್ತಾರೆ. ಅದನ್ನು ಮುಂದೆ ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬಹುದು, ಆದರೆ ಕಟ್ಟುವ ದಿನ ಆ ಹಣ ಕೈಯಲ್ಲಿರಬೇಕು. ಇನ್ನೊಂದು ಸೂಕ್ಷ್ಮವಿದೆ. "ಎಲ್ಲವೂ ಸೇರಿ" ಎಂಬ ದರದಲ್ಲಿ ಸಾಮಾನ್ಯವಾಗಿ ಮದ್ಯದ ಬೆಲೆಯೂ ಸೇರಿರುತ್ತದೆ. ಕುಡಿಯದ ಮನೆತನದವರು ಕುಡಿಯುವವರ ಲೆಕ್ಕವನ್ನು ಏಕೆ ತುಂಬಬೇಕು? ಊಟ ಮಾತ್ರ ಸೇರಿದ ದರವನ್ನು ಕೇಳಿ ಪಡೆಯಿರಿ. ಸಸ್ಯಾಹಾರಿಗಳೆಂಬುದನ್ನು ಮೊದಲೇ ಬರೆದು ತಿಳಿಸಿರಿ.

ಮತ್ತೊಂದು ಮಾತು. ಅದು ಇಸ್ಲಾಂ ಧರ್ಮವನ್ನು ರಾಜಧರ್ಮವಾಗಿ ಉಳ್ಳ ದೇಶ. ಪೂಜೆಯ ವಿಗ್ರಹಗಳನ್ನು ತರಬಾರದೆಂದು ಅಲ್ಲಿಯ ಸುಂಕದ ನಿಯಮವಿದೆ. ಕೊರಳಲ್ಲಿ ಇಷ್ಟಲಿಂಗವುಳ್ಳವರು ಹೊರಡುವ ಮುನ್ನವೇ ವಿಚಾರಿಸಿಕೊಂಡು ಹೋಗಬೇಕು. ಒಬ್ಬರ ಮನೆಗೆ ಹೋದಾಗ ಆ ಮನೆಯ ರೀತಿಯನ್ನು ತಿಳಿದು ನಡೆಯುವುದು ಅತಿಥಿಯ ಧರ್ಮ.

ಸದ್ಭಕ್ತರೇ, ಇವೆಲ್ಲ ಸಣ್ಣ ಲೆಕ್ಕ. ದೊಡ್ಡ ಲೆಕ್ಕ ಸಾಲದ್ದು. "ಈಗ ಹೋಗಿ, ಆಮೇಲೆ ಕಂತು ಕಟ್ಟಿ" ಎಂಬ ಕರೆ ಈಗ ಅಂಗೈಯ ಫೋನಿನಲ್ಲೇ ಬರುತ್ತದೆ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಯೋಜನೆ ಹಾಕುತ್ತಾರೆ. ಧಾರಣೆ ಬಿದ್ದ ವರ್ಷ ಕಂತು ಕಟ್ಟುತ್ತಾರೆ. ಬೀಜಕ್ಕೆ ಸಾಲ ಮಾಡಿದರೆ ಬೆಳೆ ಬಂದೀತು, ಮಗಳ ಓದಿಗೆ ಸಾಲ ಮಾಡಿದರೆ ವಿದ್ಯೆ ಬಂದೀತು. ನಾಲ್ಕು ದಿನದ ಮರಳಿನ ಮೇಲಿನ ಕಾಲ್ನಡಿಗೆಗೆ ಎರಡು ವರ್ಷದ ಸಾಲ ಮಾಡಿದವನು ಆ ಎರಡು ವರ್ಷ ನಿದ್ದೆ ಮಾಡುವನೇ? ವಿಶ್ರಾಂತಿಗೆಂದು ಹೋದವನು ತನ್ನ ವಿಶ್ರಾಂತಿಯನ್ನೇ ಒತ್ತೆಯಿಟ್ಟು ಬಂದ ಹಾಗಾಯಿತು.

ಆಯ್ದಕ್ಕಿ ಮಾರಯ್ಯನವರ ಕಥೆ ನಿಮಗೆ ಗೊತ್ತಿದೆ. ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಆ ದಂಪತಿಗಳ ಕಾಯಕ. ಒಂದು ದಿನ ಮಾರಯ್ಯ ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಅದನ್ನು ನೋಡಿದ ಕೂಡಲೇ, ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳಿಸಿದರು. ಆ ತಾಯಿ ಬಡತನಕ್ಕೆ ಹೆದರಿದವರಲ್ಲ, ಸಾಕು ಎಂಬುದರ ಗಡಿಯನ್ನು ಅರಿತವರು. ಗಂಡಹೆಂಡಿರು ಕೂಡಿ ಪ್ರವಾಸದ ಲೆಕ್ಕ ಹಾಕುವಾಗ ಇಬ್ಬರಲ್ಲಿ ಒಬ್ಬರಾದರೂ ಲಕ್ಕಮ್ಮನಾಗಬೇಕು.

ಇಲ್ಲಿ ಒಂದು ಮನೆಯ ಮಾತು ಹೇಳುತ್ತೇವೆ. ಹೆಸರು ಬೇಡ. ಆ ಮನೆಯ ಮಗ, ಸೊಸೆ, ಇಬ್ಬರು ಮಕ್ಕಳು ಮಾಲ್ಡೀವ್ಸಿಗೆ ಹೊರಡುವ ಸಿದ್ಧತೆಯಲ್ಲಿ ಮಠಕ್ಕೆ ಬಂದರು. ಜೊತೆಗೆ ಮನೆಯ ಹಿರಿಯ ಜೀವ, ಎಪ್ಪತ್ತು ದಾಟಿದ ತಾಯಿ. ಕಡಲ ಮೇಲೆ ಕಂಬ ನಿಲ್ಲಿಸಿ ಕಟ್ಟಿದ ಕೋಣೆಯ ಚಿತ್ರವನ್ನು ಮಗ ನಮಗೆ ತೋರಿಸಿದರು. ಎಲ್ಲ ಕೇಳಿ ನಾವು, "ತಾಯಿಯವರ ವ್ಯವಸ್ಥೆ ಏನು ಮಾಡಿದ್ದೀರಿ?" ಎಂದೆವು. "ಅವ್ವ ಮನೇಲಿ ಇರ್ತಾರೆ ಬುದ್ಧಿ. ಎಮ್ಮೆ ಐತಲ್ಲ, ಹಾಲು ಕರೆಯೋರು ಬೇಕು" ಎಂದರು. ನಾವು ಆ ತಾಯಿಯ ಕಡೆ ತಿರುಗಿ, "ಏನವ್ವಾ, ನೀವು ಸಮುದ್ರ ನೋಡಿದ್ದೀರಾ?" ಎಂದು ಕೇಳಿದೆವು. ಆ ತಾಯಿ ಸೆರಗು ಸರಿಮಾಡಿಕೊಂಡು ಹೇಳಿದರು: "ಸೂಳೆಕೆರೆ ನೋಡೀನಿ ಬುದ್ಧಿ, ಮದುವೆ ಆದ ವರ್ಷ. ಆಚೀ ದಂಡೆ ಸರಿಯಾಗಿ ಕಾಣಲಿಲ್ಲ. ಸಮುದ್ರ ಅದಕ್ಕಿಂತ ದೊಡ್ಡದಂತಲ್ಲ?"

ಮಗ ತಲೆ ತಗ್ಗಿಸಿದರು. ಐವತ್ತು ವರ್ಷ ಆ ತಾಯಿ ಸಗಣಿ ಬಾಚಿ, ಹಾಲು ಮಾರಿ, ಮಗನನ್ನು ಓದಿಸಿದ್ದಾರೆ. ಅವರಿಗೆ ಸಮುದ್ರ ನೋಡುವ ಆಸೆ ಇದೆಯೇ ಎಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಮಗ ದುಷ್ಟನಲ್ಲ, ಸೊಸೆ ಕೆಟ್ಟವಳಲ್ಲ. ವಿಮಾನ, ಕೋಣೆ, ಊಟ ಎಲ್ಲವನ್ನೂ ಗುರುತು ಹಾಕಿಕೊಂಡಿದ್ದರು, ಈ ಒಂದು ಪ್ರಶ್ನೆ ಮಾತ್ರ ಪಟ್ಟಿಯಲ್ಲಿ ಬಿಟ್ಟುಹೋಗಿತ್ತು. ಅವರು ಮುಂದೆ ಏನು ನಿಶ್ಚಯಿಸಿದರೆಂದು ನಾವು ವಿಚಾರಿಸಲಿಲ್ಲ. ಅದು ಅವರ ಮನೆಯ ಮಾತು. ಆದರೆ ಇಲ್ಲಿ ಕುಳಿತ ಪ್ರತಿಯೊಬ್ಬರೂ ಇಂದು ರಾತ್ರಿ ತಮ್ಮ ಮನೆಯಲ್ಲಿ ಆ ಪ್ರಶ್ನೆ ಕೇಳಬೇಕೆಂಬುದು ನಮ್ಮ ಅಪೇಕ್ಷೆ.

ಹಾಗೆ ಕೇಳಿದಾಗ ಅನೇಕ ಮನೆಗಳ ಯೋಜನೆ ತಾನಾಗಿ ಬದಲಾಗುತ್ತದೆ. ಕಡಲು ಮಾಲ್ಡೀವ್ಸಿನಲ್ಲಿ ಮಾತ್ರ ಇಲ್ಲವಷ್ಟೆ. ಅಂಡಮಾನಿನಲ್ಲಿ ಸ್ವರಾಜ್ ದ್ವೀಪವಿದೆ, ರಾಧಾನಗರದ ಬಿಳಿ ಮರಳಿದೆ. 1906ರಲ್ಲಿ ಕಟ್ಟಿ ಮುಗಿಸಿದ ಸೆಲ್ಯುಲರ್ ಜೈಲಿದೆ. ದೇಶಕ್ಕಾಗಿ ನೊಂದವರ ಕೋಣೆಗಳನ್ನು ಮಕ್ಕಳು ನೋಡಿ ಬರಬಹುದು, ಪಾಸ್‌ಪೋರ್ಟಿನ ಗೊಡವೆಯಿಲ್ಲ. ಲಕ್ಷದ್ವೀಪವಿದೆ. ಅಲ್ಲಿಯ 36 ದ್ವೀಪಗಳಲ್ಲಿ ಜನವಸತಿ ಇರುವುದು ಹತ್ತರಲ್ಲಿ. ಅವುಗಳಲ್ಲಿ ಅಮಿನಿ, ಕಡಮತ್ ಮೊದಲಾದ ಉತ್ತರದ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಗೆ ಹೋಗಲು ಮುಂಚಿತವಾಗಿ ಅನುಮತಿಪತ್ರ ಪಡೆಯಬೇಕು. ಅಷ್ಟು ದೂರವೂ ಆಗದೆಂಬ ಮುದುಕರಿದ್ದರೆ ಶಿವಮೊಗ್ಗದ ಮೇಲೆ ಆಗುಂಬೆ ಘಟ್ಟ ಇಳಿದು ಮಲ್ಪೆಗೆ ಹೋಗಿರಿ. ಮಳೆಗಾಲವೊಂದನ್ನು ಬಿಟ್ಟು ಅಲ್ಲಿಂದ ಸೇಂಟ್ ಮೇರಿ ದ್ವೀಪಕ್ಕೆ ದೋಣಿಗಳು ಹೋಗುತ್ತವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾರಸ ಆರಿ ನಿಂತ ಕಲ್ಲುಕಂಬಗಳನ್ನು ಅಲ್ಲಿ ಕಾಣಬಹುದು. ದೋಣಿ ಹತ್ತಲಾಗದ ತಾಯಿ ಮಲ್ಪೆಯ ದಂಡೆಯಲ್ಲಿ ನಿಂತು ಪಾದ ತೊಯಿಸಿಕೊಂಡರೂ ಸಾಕು, ಆಕೆಗೆ ಅದೇ ಮಹಾಸಾಗರ.

ಯಾವ ದ್ವೀಪಕ್ಕೇ ಹೋಗಿರಿ, ಅಲ್ಲಿ ನಡೆದುಕೊಳ್ಳುವ ರೀತಿಯೂ ಒಂದು ಸಂಸ್ಕಾರ. ನೀರಿನೊಳಗಿನ ಹವಳ ಕಲ್ಲಲ್ಲ, ಸಣ್ಣ ಸಣ್ಣ ಜೀವಿಗಳು ಕಟ್ಟಿಕೊಂಡ ಮನೆ. ಕಡಲು ಬಿಸಿಯಾದ 1998ರಲ್ಲಿಯೂ 2016ರಲ್ಲಿಯೂ ಮಾಲ್ಡೀವ್ಸಿನ ಹವಳ ಬಿಳಿಚಿ ಬಹಳಷ್ಟು ಸತ್ತಿತು. ಅದರ ಮೇಲೆ ಕಾಲಿಡಬೇಡಿ, ಮುರಿದು ತರಬೇಡಿ. ಮಾಲೆಯ ಹತ್ತಿರ ತಿಲಫುಶಿ ಎಂಬ ದ್ವೀಪವನ್ನು 1990ರ ದಶಕದಿಂದ ಕಸ ಸುರಿದೇ ಬೆಳೆಸಿದ್ದಾರೆ. ನಾವು ಒಯ್ದ ಪ್ಲಾಸ್ಟಿಕ್ಕನ್ನು ನಾವೇ ಹಿಂದಕ್ಕೆ ತಂದರೆ ಆ ಗುಡ್ಡೆಗೆ ನಮ್ಮ ಪಾಲು ಸೇರುವುದಿಲ್ಲ. ಅಲ್ಲಿ ನಿಮ್ಮ ಹಾಸಿಗೆ ಹಾಸುವವನು, ತಟ್ಟೆ ಎತ್ತುವವನು ಬಾಂಗ್ಲಾದೇಶದವನೋ ನಮ್ಮ ದೇಶದವನೋ ಆಗಿರಬಹುದು. ತನ್ನ ಮನೆಯವರನ್ನು ಬಿಟ್ಟು ಬಂದು ನಿಮ್ಮ ವಿಶ್ರಾಂತಿಗಾಗಿ ದುಡಿಯುತ್ತಿದ್ದಾನೆ. ಅವನೂ ಕಾಯಕಜೀವಿ. ಅವನನ್ನು ಗದರಿಸಿ ಮಾತನಾಡಬೇಡಿ. ಊರು ಯಾವುದು, ಮಕ್ಕಳೆಷ್ಟು ಎಂದು ಕೇಳಿರಿ.

ಕೊನೆಯದಾಗಿ ಒಂದು ಮಾತು. ಹೋಗುವುದಕ್ಕಿಂತ ಹೋಗಿದ್ದನ್ನು ತೋರಿಸುವ ಚಪಲ ಈಗ ಹೆಚ್ಚಾಗಿದೆ. ಪಕ್ಕದ ಮನೆಯವರು ಹೋದರೆಂದು ನಾವೂ ಹೊರಟರೆ ಆ ಪ್ರವಾಸ ಪಕ್ಕದ ಮನೆಯವರದೇ ಆಗುತ್ತದೆ, ಖರ್ಚು ಮಾತ್ರ ನಮ್ಮದು. ಕಡಲ ಮುಂದೆ ನಿಂತಾಗ ಒಂದು ಗಳಿಗೆ ಫೋನನ್ನು ಒಳಗಿಟ್ಟು ಸುಮ್ಮನೆ ನೋಡಿರಿ. ಅಷ್ಟು ದೊಡ್ಡದರ ಮುಂದೆ ನಾವೆಷ್ಟು ಸಣ್ಣವರು ಎಂಬ ಅರಿವು ಆ ಗಳಿಗೆಯಲ್ಲಿ ಮೂಡಿದರೆ ಖರ್ಚು ಮಾಡಿದ ಹಣ ಸಾರ್ಥಕವಾಯಿತು.

ಗಳಿಸಿದ್ದರಲ್ಲಿ ಹೋಗಿರಿ, ಹಿರಿಯರನ್ನು ಕೇಳಿ ಹೋಗಿರಿ, ಆದರೆ ಅವರನ್ನು ಕರೆದುಕೊಂಡೇ ಹೋಗಿರಿ. ಹೊರಡುವ ಮುನ್ನ ಮನೆಯ ಎಮ್ಮೆಗೆ ಮೇವಿನ ವ್ಯವಸ್ಥೆ ಮಾಡಿರಿ, ಹಾಲು ಕರೆಯಲು ನೆರೆಯವರಿಗೆ ಹೇಳಿರಿ. ಅವರು ಹೊರಟಾಗ ನೀವು ಅವರ ಎಮ್ಮೆಯ ಹಾಲು ಕರೆಯಿರಿ. ಹೀಗೆ ಒಬ್ಬರ ಬಿಡುವಿಗೆ ಇನ್ನೊಬ್ಬರು ಹೆಗಲು ಕೊಡುವುದೂ ದಾಸೋಹವೇ. ನಿಮ್ಮೆಲ್ಲರ ಕಾಯಕವೂ ನಿಮ್ಮೆಲ್ಲರ ಬಿಡುವೂ ಹಸನಾಗಲೆಂದು ಹಾರೈಸಿ ನಮ್ಮ ಮಾತಿಗೆ ವಿರಾಮ ಕೊಡುತ್ತೇವೆ.