ಗೋಡೆ ಒಣಗಿದ ಮೇಲೆ

(ಮಳೆಗಾಲದ ಪೂರ್ವಸಿದ್ಧತೆ ಕುರಿತ ಶಿಬಿರದಲ್ಲಿ ಆಡಿದ ಮಾತಿನ ಬರಹರೂಪ)



ಮಣ್ಣಿನ ವಿಚಾರ ಹೇಳುವವನು ಇಂದು ವಿಮೆಯ ವಿಚಾರವನ್ನು ಎತ್ತಿಕೊಂಡಿದ್ದಾನಲ್ಲ ಎಂದು ನಿಮಗೆ ಅಚ್ಚರಿಯಾಗಬಹುದು. ಇವೆರಡರ ನಂಟನ್ನು ನಾನು ಕಲಿತದ್ದು ನನ್ನ ಮನೆಯಲ್ಲಿಯೇ.

2024ರ ಜುಲೈ ಮಳೆಯಲ್ಲಿ ಹಿತ್ತಲಿನ ಧರೆ ಕುಸಿದು ನಮ್ಮ ಅಡುಗೆಮನೆಯ ಗೋಡೆಯನ್ನು ಕೆಡವಿತು. ಮನೆಗೆ ವಿಮೆಯಿತ್ತು. ಸರ್ವೇಯರ್ ಬಂದು ಬಿದ್ದ ಗೋಡೆಯನ್ನೂ ಒಡೆದ ಹೆಂಚನ್ನೂ ಲೆಕ್ಕ ಹಾಕಿದರು. ಕಂಡದ್ದನ್ನು ಪ್ರಾಮಾಣಿಕವಾಗಿಯೇ ಬರೆದರು. ಆದರೆ ಮಣ್ಣಿನ ಗೋಡೆಯ ಹಾನಿ ಮಳೆಗಾಲದಲ್ಲಿ ಪೂರ್ತಿ ಕಾಣುವುದಿಲ್ಲ. ಜೇಡಿ ಹೆಚ್ಚಿರುವ ಮಣ್ಣು ನೀರು ಹೀರಿ ಹಿಗ್ಗುತ್ತದೆ, ಒಣಗುವಾಗ ಕುಗ್ಗಿ ಬಿರಿಯುತ್ತದೆ. ದೀಪಾವಳಿಯ ಹೊತ್ತಿಗೆ ಪಕ್ಕದ ಕೋಣೆಯ ಗೋಡೆ ಬುಡದಿಂದ ಸೂರಿನವರೆಗೆ ಬಿರಿದಿತ್ತು, ಪಕಾಸಿಗಳು ಜಾರಿದ್ದವು. ‘ಪೂರ್ಣ ಮತ್ತು ಅಂತಿಮ’ ಎಂಬ ಒಕ್ಕಣೆಯ ವೋಚರ್ ಸಹಿಗೆ ಬಂದದ್ದೂ ಆಗಲೇ.

ನಾನು ಸಹಿ ಮಾಡದೆ, ಹೆಚ್ಚುವರಿ ಪರಿಹಾರ ಕೋರಿ ಪತ್ರ ಬರೆದೆ. ಸರ್ವೇ ವರದಿಯ ಪ್ರತಿಯನ್ನು ಕೇಳಿ ಪಡೆದು, ಅದರಲ್ಲಿ ಸೇರದ ಒಂದೊಂದು ಹಾನಿಯನ್ನೂ ಬೇರೆಯಾಗಿ ಪಟ್ಟಿ ಮಾಡಿದೆ. ಬಿರುಕಿನ ಪಕ್ಕ ಅಳತೆಪಟ್ಟಿ ಇಟ್ಟು ತೆಗೆದ ಚಿತ್ರಗಳು, ಎಂಜಿನಿಯರರ ಅಂದಾಜು, ಮೇಸ್ತ್ರಿಯ ಲೆಕ್ಕ, ಹೆಂಚಿನ ರಸೀದಿ ಲಗತ್ತಿಸಿದೆ. ಮರುಪರಿಶೀಲನೆಯಾಗುವವರೆಗೆ ಗೋಡೆಯನ್ನು ಕೆಡವದೆ ಮರದ ಆಸರೆ ಕೊಟ್ಟು ನಿಲ್ಲಿಸಿದೆ. ಸರ್ವೇಯರ್ ಮತ್ತೆ ಬಂದರು. ಹೆಚ್ಚುವರಿ ಹಣವೂ ಬಂತು. ಆದರೆ ಒಂದು ಗೋಡೆಯ ಬಿರುಕು ಹಳೆಯದೆಂದು ತಳ್ಳಿಹಾಕಿದರು. ಅಲ್ಲವೆಂದು ತೋರಿಸಲು ಮಳೆಗೆ ಮುಂಚಿನ ಚಿತ್ರ ನನ್ನಲ್ಲಿರಲಿಲ್ಲ. ತಪ್ಪು ನನ್ನದೇ.

ನೆರೆಮನೆಯವರು ಸಹಿ ಹಾಕಿಬಿಟ್ಟಿದ್ದರು. ಇನ್ನು ಕೇಳುವಂತಿಲ್ಲವೆಂದು ಕೈಚೆಲ್ಲಿದರು. ವೋಚರಿಗೆ ಸಹಿ ಹಾಕಿದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 1999ರಲ್ಲಿಯೇ ಹೇಳಿದೆ. ಆದರೆ ವಂಚನೆ, ತಪ್ಪು ಮಾಹಿತಿ ಅಥವಾ ಒತ್ತಡದಿಂದ ಸಹಿ ಪಡೆದರೆಂದು ನಾವೇ ತೋರಿಸಬೇಕು. ಆದ್ದರಿಂದ ಆಕ್ಷೇಪವನ್ನು ಸಹಿಗೆ ಮೊದಲೇ ಬರೆದುಕೊಡುವುದು ಲೇಸು.

2021ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಭೂಕುಸಿತ, ನೆರೆ, ಬಿರುಗಾಳಿ ಸೇರಿವೆ. ವಿಮಾ ಮೊತ್ತ ಕಡಿಮೆಯಿತ್ತೆಂಬ ಕಾರಣಕ್ಕೆ ಅದೇ ಪ್ರಮಾಣದಲ್ಲಿ ಪರಿಹಾರವನ್ನು ಕಡಿತಗೊಳಿಸುವಂತಿಲ್ಲ. ಬಿದ್ದ ಮಣ್ಣು, ಕಲ್ಲುಗಳ ತೆರವಿಗೆ ಕ್ಲೇಮಿನ ಶೇ. 2ರವರೆಗೆ, ಎಂಜಿನಿಯರ್ ಶುಲ್ಕಕ್ಕೆ ಶೇ. 5ರವರೆಗೆ ಕೇಳಬಹುದು. ಇವನ್ನು ಬಿಟ್ಟಿದ್ದರೆ ಪತ್ರದಲ್ಲಿ ಸೇರಿಸಿರಿ.

ಲಿಖಿತ ದೂರಿಗೆ ಕಂಪನಿ ಒಂದು ತಿಂಗಳಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ 50 ಲಕ್ಷ ರೂಪಾಯಿವರೆಗಿನ ದೂರುಗಳ ವಿಚಾರಣೆ ನಡೆಯುತ್ತದೆ. ಶುಲ್ಕವಿಲ್ಲ, ವಕೀಲರೂ ಬೇಡ.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಈ ವಾರವೇ ನಿಮ್ಮ ಮನೆಯ ಪ್ರತಿ ಗೋಡೆಯ, ಮಾಡಿನ, ಹಿಂದಿನ ಧರೆಯ ಚಿತ್ರ ತೆಗೆದಿಡಿ. ಮನೆಯ ಹಿರಿಯರಿಗೆ ಪಾಲಿಸಿಯನ್ನು ಓದಿ ಹೇಳಿ. ಹಾಗೆಯೇ ಧರೆಯ ಮೇಲಿನ ನೀರು ಬೇರೆಡೆಗೆ ಹರಿಯುವಂತೆ ಬಸಿಗಾಲುವೆ ತೋಡಿ. ನೆತ್ತಿಯ ಮೇಲಿನ ಮರಗಳನ್ನು ಉಳಿಸಿಕೊಳ್ಳಿ. ಗೋಡೆಗೆ ಹಣ ಕೊಡುವ ಪಾಲಿಸಿ ಗುಡ್ಡವನ್ನು ಮರಳಿ ಕಟ್ಟಿಕೊಡಲಾರದು.