ಡಿಸ್ಕ್ ಇಮೇಜ್: ಹಳೆಯ ಗಣಕಯಂತ್ರದ ದಾಖಲೆಗಳನ್ನು ಉಳಿಸುವ ಕ್ರಮ
(ತರಬೇತಿ ಉಪನ್ಯಾಸದ ಪಠ್ಯ)



ಪಂಚತಂತ್ರ, ಇ-ಸ್ವತ್ತು ಮೊದಲಾದ ತಂತ್ರಾಂಶಗಳಲ್ಲಿ ನಮೂದಾದ ಮಾಹಿತಿಯು ಸರ್ವರ್‌ಗಳಲ್ಲಿ ಉಳಿಯುತ್ತದೆ. ಆದರೆ ಕಚೇರಿಯ ಗಣಕಯಂತ್ರದಲ್ಲಷ್ಟೇ ಇರುವ ಕಡತಗಳೂ ಉಂಟು: ನುಡಿಯಲ್ಲಿ ಬೆರಳಚ್ಚಾದ ಸಭಾ ನಡವಳಿಗಳು, ಹಳೆಯ ತೆರಿಗೆ ಬೇಡಿಕೆ ಪಟ್ಟಿಗಳು, ಕಾಮಗಾರಿಗಳ ಛಾಯಾಚಿತ್ರಗಳು. ಅಂತಹ ಯಂತ್ರದ ಹಾರ್ಡ್ ಡಿಸ್ಕ್ ನಿಧಾನವಾಗಿ, ಕಡತಗಳು ತೆರೆಯದಾದಾಗ ಅದನ್ನು ಮತ್ತೆ ಮತ್ತೆ ಚಾಲನೆ ಮಾಡುವುದು, ಅದರ ಮೇಲೆಯೇ ದುರಸ್ತಿ ತಂತ್ರಾಂಶ ನಡೆಸುವುದು ವಾಡಿಕೆ. ಅಳಿದುಳಿದ ದಾಖಲೆಯೂ ಕೈತಪ್ಪುವ ಅಪಾಯ ಇರುವುದು ಇಲ್ಲಿಯೇ. ಪಾಲಿಸಬೇಕಾದ ಸೂತ್ರ ಒಂದೇ: ಮೊದಲು ಪ್ರತಿ, ಆನಂತರ ದುರಸ್ತಿ.

ಡಿಸ್ಕಿನ ಮೊದಲ ಸೆಕ್ಟರ್‌ನಿಂದ ಕೊನೆಯದರವರೆಗಿನ ಯಥಾಪ್ರತಿಯನ್ನು ಒಂದೇ ಕಡತವಾಗಿಸಿದರೆ ಅದೇ ಡಿಸ್ಕ್ ಇಮೇಜ್. ಸಾಮಾನ್ಯ ನಕಲಿನಲ್ಲಿ ಕಣ್ಣಿಗೆ ಕಾಣುವ ಕಡತಗಳು ಮಾತ್ರ ಬರುತ್ತವೆ. ಇಮೇಜಿನಲ್ಲಿ ವಿಭಾಗಗಳ ಪಟ್ಟಿ, ಅಳಿಸಿದ ಕಡತಗಳ ಉಳಿಕೆ, ಖಾಲಿ ಜಾಗ ಎಲ್ಲವೂ ಬರುತ್ತವೆ. ಆದುದರಿಂದ 500 ಜಿಬಿ ಡಿಸ್ಕಿನಲ್ಲಿ 40 ಜಿಬಿ ಮಾಹಿತಿಯಷ್ಟೇ ಇದ್ದರೂ, ಇಮೇಜ್ ಇರಿಸಲು 500 ಜಿಬಿಗೂ ಮಿಗಿಲಾದ ಸ್ಥಳವಿರುವ ಬೇರೆ ಡಿಸ್ಕ್ ಬೇಕು. ಅದು ಫ್ಯಾಟ್32 ಮಾದರಿಯಲ್ಲಿ ಇರಬಾರದು. ಆ ಮಾದರಿಯು 4 ಜಿಬಿ ಮೀರಿದ ಕಡತವನ್ನು ಹಿಡಿಸಿಕೊಳ್ಳದು.

ಉಬುಂಟುವನ್ನು ಸ್ಥಾಪಿಸದೆ, ಪೆನ್‌ಡ್ರೈವ್‌ನಿಂದಲೇ ನಡೆಸಬಹುದು. ಲಿನಕ್ಸ್‌ನ ‘ಡಿಡಿ’ ಆದೇಶವು ಇಮೇಜ್ ತೆಗೆಯುತ್ತದೆ. ಆದರೆ ಓದಲಾಗದ ಸೆಕ್ಟರ್ ಎದುರಾದೊಡನೆ, ಬೇರೆ ಸೂಚನೆ ನೀಡದಿದ್ದರೆ, ನಿಂತುಬಿಡುತ್ತದೆ. ಕೆಡುತ್ತಿರುವ ಡಿಸ್ಕಿಗೆ ಗ್ನೂ ‘ಡಿಡಿರೆಸ್ಕ್ಯೂ’ ತಕ್ಕದ್ದು. ಅದು ಸುಸ್ಥಿತಿಯ ಭಾಗಗಳನ್ನು ಮೊದಲು ಓದಿ, ಕೆಟ್ಟ ಭಾಗಗಳನ್ನು ಕೊನೆಗೆ ಉಳಿಸಿಕೊಳ್ಳುತ್ತದೆ. ಓದಿದ್ದರ ಲೆಕ್ಕವನ್ನು ಮ್ಯಾಪ್ ಕಡತದಲ್ಲಿ ಬರೆದಿಡುತ್ತದೆ. ಮ್ಯಾಪ್ ಕಡತವನ್ನು ಇಮೇಜಿನ ಜೊತೆಗೇ ಉಳಿಸಿದ್ದರೆ, ನಡುವೆ ವಿದ್ಯುತ್ ಹೋದರೂ ಕೆಲಸವನ್ನು ನಿಂತಲ್ಲಿಂದ ಮುಂದುವರಿಸಬಹುದು. ಡಿಸ್ಕಿನಿಂದ ಟಕಟಕ ಸದ್ದು ಕೇಳಿಬಂದರೆ ಮಾತ್ರ ಯಂತ್ರವನ್ನು ಆರಿಸಿ ತಜ್ಞರಿಗೆ ಒಪ್ಪಿಸುವುದೇ ಕ್ಷೇಮ.

ಮೂಲ ಯಾವುದು, ಗುರಿ ಯಾವುದು ಎಂಬುದನ್ನು ಆದೇಶ ನೀಡುವ ಮೊದಲು ಇಬ್ಬರು ಓದಿ ನೋಡುವುದು ಒಳಿತು. ‘ಎಲ್‌ಎಸ್‌ಬಿಎಲ್‌ಕೆ’ ಆದೇಶವು ಡಿಸ್ಕ್‌ಗಳ ಹೆಸರು ಮತ್ತು ಗಾತ್ರ ತೋರಿಸುತ್ತದೆ. ಎರಡೂ ಅದಲುಬದಲಾದರೆ ‘ಡಿಡಿ’ ಏನನ್ನೂ ಕೇಳದೆ ದಾಖಲೆಯ ಡಿಸ್ಕನ್ನೇ ಅಳಿಸಿ ಬರೆಯುತ್ತದೆ.

ಇಮೇಜನ್ನು ತೆರೆಯಲು ಹೋದಾಗ ದೋಷ ತೋರಿದರೆ ಅದು ಹಾಳಾಗಿದೆಯೆಂದು ತಿಳಿಯಬೇಕಿಲ್ಲ. ಇಡೀ ಡಿಸ್ಕಿನ ಇಮೇಜಿನ ಆರಂಭದಲ್ಲಿರುವುದು ವಿಭಾಗಗಳ ಪಟ್ಟಿ. ಕಡತಗಳಿರುವ ವಿಭಾಗ ಅದರ ಮುಂದಿದೆ. ವಿಭಾಗವು 2048ನೇ ಸೆಕ್ಟರ್‌ನಲ್ಲಿ ಆರಂಭವಾಗಿ, ಸೆಕ್ಟರ್ 512 ಬೈಟ್ ಇದ್ದರೆ, 10,48,576 ಬೈಟ್ ದಾಟಿ ತೆರೆಯಬೇಕು. ‘ಲೊಸೆಟಪ್’ ಆದೇಶಕ್ಕೆ ವಿಭಾಗಗಳನ್ನು ಗುರುತಿಸುವ ಸೂಚನೆ ಕೊಟ್ಟರೆ ಈ ಲೆಕ್ಕವನ್ನು ಅದೇ ಮಾಡಿಕೊಳ್ಳುತ್ತದೆ. ಇಮೇಜನ್ನು ಓದಲು ಮಾತ್ರ ಅವಕಾಶವಿರುವಂತೆ ಜೋಡಿಸಬೇಕು. ದುರಸ್ತಿ ಪ್ರಯೋಗಕ್ಕೆ ಅದರ ಇನ್ನೊಂದು ನಕಲನ್ನು ಬಳಸಬೇಕು.

ಕೊನೆಯದಾಗಿ, ‘ಎಸ್‌ಎಚ್‌ಎ256ಸಮ್’ ನೀಡುವ 64 ಅಕ್ಷರಾಂಕಗಳ ಮೊತ್ತವನ್ನು ದಿನಾಂಕದೊಂದಿಗೆ ವಹಿಯಲ್ಲಿ ನಮೂದಿಸಬೇಕು. ಮುಂದೆಂದಾದರೂ ಅದೇ ಮೊತ್ತ ಬಂದರೆ ಇಮೇಜ್ ಬದಲಾಗಿಲ್ಲವೆಂದು ಖಚಿತವಾಗುತ್ತದೆ. ಇಮೇಜಿನಲ್ಲಿ ಗ್ರಾಮಸ್ಥರ ಖಾಸಗಿ ವಿವರಗಳೂ, ಅಳಿಸಿದ ಕಡತಗಳೂ ಇರುವುದರಿಂದ, ಆ ಡಿಸ್ಕಿನ ಸ್ಥಾನ ಮೂಲ ವಹಿಗಳಿರುವ ಬೀಗ ಹಾಕಿದ ಬೀರುವಿನಲ್ಲಿ.